ಎದೆಯೊಳಗೆ ಇಡಲು ಒಂದು ಸೆಲ್ಲು

ಚಿಕ್ಕದೊಂದು ಎಲೆಕ್ಟ್ರಾನಿಕ್ ಸಾಧನ ಮಾಡಲು ಹೊರಟವರು ಸರ್ಕ್ಯೂಟಿನ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ, ಸೆನ್ಸರಿನ ಬಗ್ಗೆ ನಾಲ್ಕು ಜನರನ್ನು ಕೇಳುತ್ತಾರೆ, ಡಬ್ಬಿ ಯಾವ ಬಣ್ಣದ್ದಿರಬೇಕು ಎಂದೂ ಯೋಚಿಸುತ್ತಾರೆ. ಬ್ಯಾಟರಿಯ ವಿಚಾರ ಬರುವುದು ಕೊನೆಗೆ. ಬೆಂಗಳೂರಿನ ಎಸ್.ಪಿ. ರೋಡಿಗೆ ಪ್ರಾಜೆಕ್ಟಿನ ಸಾಮಾನು ಕೊಳ್ಳಲು ಬರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪಟ್ಟಿಯಲ್ಲಿದ್ದದ್ದನ್ನೆಲ್ಲ ಕವರಿಗೆ ಹಾಕಿಸಿಕೊಂಡು, ದುಡ್ಡು ಕೊಡುವ ಹೊತ್ತಿಗೆ "ಅಣ್ಣಾ, ಒಂದು ನೈನ್ ವೋಲ್ಟ್ ಬ್ಯಾಟರಿನೂ ಹಾಕ್ಬಿಡಿ" ಅನ್ನುತ್ತಾರೆ. ಆ ಚೌಕದ ಬ್ಯಾಟರಿ ಮೋಟಾರಿನ ಆಟಿಕೆ ಗಾಡಿಯನ್ನು ಸ್ವಲ್ಪ ಹೊತ್ತು ಓಡಿಸಿ ಸೋತುಬಿಡುತ್ತದೆ. ಅದನ್ನೇ ಹೊಗೆ ಪತ್ತೆ ಹಚ್ಚುವ ಅಲಾರಮ್ಮಿಗೆ ಹಾಕಿದರೆ ವರ್ಷವಿಡೀ ಬಾಳುತ್ತದೆ. ಬ್ಯಾಟರಿ ಕೆಟ್ಟದ್ದಾಗಿರಲಿಲ್ಲ, ಜೋಡಿ ಹೊಂದಿರಲಿಲ್ಲ.

ಸಾಧನಕ್ಕೂ ಬ್ಯಾಟರಿಗೂ ಜೋಡಿ ಕೂಡಿಸುವುದು ಎಷ್ಟು ಗಂಭೀರವಾದ ಕೆಲಸ ಎಂದು ನನಗೆ ಮನದಟ್ಟು ಮಾಡಿಸಿದ್ದು ಪೇಸ್‌ಮೇಕರಿನ ಚರಿತ್ರೆ. ಅದರ ಆವಿಷ್ಕಾರದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಸರ್ಕ್ಯೂಟಿನ ಕತೆ ಹೇಳಿ ಮುಗಿಸುತ್ತಾರೆ. ಹೃದಯಕ್ಕೆ ತಾಳ ಹಾಕುವ ಸರ್ಕ್ಯೂಟು 1960ರ ಹೊತ್ತಿಗೆ ಸಿದ್ಧವಾಗಿತ್ತು, ನಿಜ. ಆದರೆ ಅದನ್ನು ಎದೆಯೊಳಗಿಟ್ಟುಕೊಂಡು ಒಬ್ಬ ಮನುಷ್ಯ ನಿಶ್ಚಿಂತೆಯಿಂದ ಬದುಕಬಹುದು ಎಂಬಂತಾಗಲು ಇನ್ನೂ ಹನ್ನೆರಡು ವರ್ಷ ಬೇಕಾಯಿತು. ಆ ಹನ್ನೆರಡು ವರ್ಷವೂ ಸರಿಯಾದ ಸೆಲ್ಲಿನ ಹುಡುಕಾಟ.

ಮೊದಲು ಹೃದಯದ ತೊಂದರೆ ಏನೆಂದು ನೋಡೋಣ. ಹೃದಯದ ಬಲಮೇಲ್ಭಾಗದಲ್ಲಿ ಒಂದು ಪುಟ್ಟ ಜೀವಕೋಶಗಳ ಗುಂಪಿದೆ. ಅಲ್ಲಿ ಹುಟ್ಟಿದ ವಿದ್ಯುತ್ ಸಂಕೇತ ಹೃತ್ಕರ್ಣಗಳನ್ನು ದಾಟಿ ಕೆಳಗಿನ ಹೃತ್ಕುಕ್ಷಿಗಳಿಗೆ ಇಳಿದಾಗ ಅವು ಸಂಕುಚಿಸಿ ರಕ್ತವನ್ನು ತಳ್ಳುತ್ತವೆ. ನಿಮಿಷಕ್ಕೆ 70ರಂತೆ ದಿನಕ್ಕೆ ಒಂದು ಲಕ್ಷ ಬಾರಿ ಇದು ನಡೆಯಬೇಕು. ಕೆಲವರಲ್ಲಿ ಈ ಸಂಕೇತ ದಾರಿಯಲ್ಲೇ ತಡೆದು ನಿಲ್ಲುತ್ತದೆ. ನಮ್ಮಲ್ಲಿ ಮಾಮೂಲಾಗಿ 'ಬ್ಲಾಕ್' ಅನ್ನುವುದು ರಕ್ತನಾಳದ ಅಡಚಣೆಗೆ, ಇದು ಬೇರೆ. ಇಲ್ಲಿ ಕಟ್ಟಿಕೊಂಡಿರುವುದು ವಿದ್ಯುತ್ತಿನ ದಾರಿ. ಸಂಕೇತ ತಲುಪದಿದ್ದಾಗ ಹೃತ್ಕುಕ್ಷಿಗಳು ನಿಮಿಷಕ್ಕೆ ಮೂವತ್ತು ನಲವತ್ತು ಬಾರಿ ತಮ್ಮಷ್ಟಕ್ಕೆ ತಾವೇ ಬಡಿಯುತ್ತವೆ, ಕೆಲವೊಮ್ಮೆ ಅದೂ ನಿಂತು ರೋಗಿ ನಿಂತಲ್ಲೇ ಕುಸಿದು ಬೀಳುತ್ತಾನೆ. ಹೊರಗಿನಿಂದ ಒಂದು ಚಿಕ್ಕ ವಿದ್ಯುತ್ ತಟ್ಟು ಸಿಕ್ಕಿದರೆ ಸ್ನಾಯು ಮತ್ತೆ ಸಂಕುಚಿಸುತ್ತದೆ. ಬೇಕಾದದ್ದು ಇಷ್ಟೇ: ಸೆಕೆಂಡಿಗೊಮ್ಮೆ ಒಂದು ಸಣ್ಣ ತಟ್ಟು, ತಪ್ಪದೆ, ಬದುಕಿರುವವರೆಗೆ.

1952ರಲ್ಲಿ ಬಾಸ್ಟನ್ನಿನ ವೈದ್ಯ ಪಾಲ್ ಜೋಲ್ ಈ ತಟ್ಟನ್ನು ಎದೆಯ ಚರ್ಮದ ಮೇಲಿಂದಲೇ ಕೊಟ್ಟು ರೋಗಿಗಳನ್ನು ಉಳಿಸಿದರು. ಚರ್ಮ, ಮಾಂಸ, ಮೂಳೆಗಳನ್ನು ದಾಟಿ ಹೃದಯ ಮುಟ್ಟಬೇಕಾದ್ದರಿಂದ ಐವತ್ತರಿಂದ ನೂರೈವತ್ತು ವೋಲ್ಟ್ ಹಾಯಿಸಬೇಕಿತ್ತು. ರೋಗಿಗೆ ಅದು ಚಿತ್ರಹಿಂಸೆ. ಯಂತ್ರವೋ ಚಕ್ರದ ಸ್ಟ್ಯಾಂಡಿನ ಮೇಲೆ ಕೂತ ದೊಡ್ಡ ಪೆಟ್ಟಿಗೆ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ್ದು. ವೈರು ಎಷ್ಟು ಉದ್ದವೋ ರೋಗಿಯ ಪ್ರಪಂಚ ಅಷ್ಟೇ ದೊಡ್ಡದು. 1957ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಶಸ್ತ್ರಚಿಕಿತ್ಸಕ ವಾಲ್ಟನ್ ಲಿಲ್ಲೆಹೈ ಅವರ ತಂಡ ಒಂದು ಬದಲಾವಣೆ ಮಾಡಿತು. ಮಕ್ಕಳ ಹೃದಯದ ರಂಧ್ರ ಮುಚ್ಚುವಾಗ ಕೆಲವೊಮ್ಮೆ ಆ ವಿದ್ಯುತ್ತಿನ ದಾರಿಗೆ ಪೆಟ್ಟಾಗುತ್ತಿತ್ತು. ಅಂಥ ಮಕ್ಕಳಿಗೆ ತೆಳುವಾದ ತಂತಿಯೊಂದನ್ನು ನೇರವಾಗಿ ಹೃದಯದ ಸ್ನಾಯುವಿಗೇ ಹೊಲಿದು, ಅದರ ಇನ್ನೊಂದು ತುದಿಯನ್ನು ಎದೆಯಿಂದ ಹೊರಗೆ ತಂದರು. ಈಗ ಕೆಲವೇ ವೋಲ್ಟು, ಕೆಲವೇ ಮಿಲಿಆಂಪಿಯರು ಸಾಕಾಯಿತು. ಬ್ಯಾಟರಿಯ ಕತೆಯಲ್ಲಿ ಈ ಹೆಜ್ಜೆಯನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. ಬ್ಯಾಟರಿಯ ಮಾತು ಯಾರೂ ಎತ್ತುವ ಮುಂಚೆಯೇ ಸಾಧನದ ಹಸಿವು ಇಳಿದಿತ್ತು.

ಹಸಿವು ಇಳಿದರೂ ಯಂತ್ರ ಮಾತ್ರ ಅದೇ ಪ್ಲಗ್ಗಿನದ್ದು. 1957ರ ಅಕ್ಟೋಬರ್ 31ರಂದು ಮಿನಿಯಾಪೊಲಿಸ್‌ನಲ್ಲಿ ಕರೆಂಟು ಹೋಯಿತು. ತಾಸುಗಟ್ಟಲೆ ಬರಲಿಲ್ಲ. ಆ ಹೊತ್ತಿನಲ್ಲಿ ಒಂದು ಮಗು ತೀರಿಕೊಂಡಿತೆಂದು ಹೇಳುತ್ತಾರೆ. ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡಲು ಬರುತ್ತಿದ್ದ ಅರ್ಲ್ ಬಾಕನ್ ಎಂಬ ಎಂಜಿನಿಯರನ್ನು ಲಿಲ್ಲೆಹೈ ಕರೆದು, ಇದಕ್ಕೊಂದು ದಾರಿ ಹುಡುಕು ಎಂದರು. ಬಾಕನ್ ಮೊದಲು ಯೋಚಿಸಿದ್ದು ಯಾರಾದರೂ ಯೋಚಿಸುವಂಥದ್ದನ್ನೇ. ಆರು ವೋಲ್ಟಿನ ಕಾರ್ ಬ್ಯಾಟರಿ ತಂದು, ಇನ್ವರ್ಟರ್ ಹಾಕಿ 115 ವೋಲ್ಟಿಗೆ ಏರಿಸಿ, ಅದೇ ಪೆಟ್ಟಿಗೆಯನ್ನು ಅದೇ ಸ್ಟ್ಯಾಂಡಿನ ಮೇಲೆ ನಡೆಸುವುದು. ಕೂತು ಲೆಕ್ಕ ಹಾಕಿದಾಗ ಅವರಿಗೇ ಅಸಂಬದ್ಧವೆನಿಸಿತು. ಹೃದಯಕ್ಕೆ ಬೇಕಾದದ್ದು ಕೆಲವೇ ವೋಲ್ಟು. ಅದಕ್ಕಾಗಿ ಆರನ್ನು ನೂರಹದಿನೈದು ಮಾಡಿ ಮತ್ತೆ ಇಳಿಸುವುದೆಂದರೆ ಇಲಿ ಹಿಡಿಯಲು ಬೆಟ್ಟ ಅಗೆದ ಹಾಗೆ. 'ಪಾಪ್ಯುಲರ್ ಎಲೆಕ್ಟ್ರಾನಿಕ್ಸ್' ಪತ್ರಿಕೆಯಲ್ಲಿ ಬಂದಿದ್ದ ಒಂದು ಮೆಟ್ರೊನೋಮಿನ ಸರ್ಕ್ಯೂಟು, ಅಂದರೆ ಸಂಗೀತ ಕಲಿಯುವವರಿಗೆ ಲಯ ತೋರಿಸುವ ಟಿಕ್ ಟಿಕ್ ಸಾಧನದ್ದು, ಅವರ ನೆನಪಿಗೆ ಬಂತು. ಎರಡು ಟ್ರಾನ್ಸಿಸ್ಟರಿನ ಆ ಸರ್ಕ್ಯೂಟನ್ನು ಸ್ವಲ್ಪ ಬದಲಿಸಿ, 9.4 ವೋಲ್ಟಿನ ಪಾದರಸದ ಬ್ಯಾಟರಿ ಸೇರಿಸಿ, ಅಂಗೈಯಲ್ಲಿ ಹಿಡಿಸುವ ಅಲ್ಯುಮಿನಿಯಂ ಡಬ್ಬಿಯೊಳಗೆ ಕೂರಿಸಿದರು. ಒಂದು ತಿಂಗಳೊಳಗೆ ಕೆಲಸ ಮುಗಿದಿತ್ತು. ನಾಯಿಯ ಮೇಲೆ ಪರೀಕ್ಷೆಗೆಂದು ಕೊಟ್ಟುಬಂದ ಡಬ್ಬಿಯನ್ನು ಮರುದಿನ ಹೋಗಿ ನೋಡಿದರೆ, ವೈದ್ಯರು ಅದನ್ನಾಗಲೇ ಒಂದು ಮಗುವಿಗೆ ತಗುಲಿಸಿದ್ದರು.

ಹೊರಗಿನ ಡಬ್ಬಿಗೆ ಬ್ಯಾಟರಿ ಆರಿಸುವುದು ಸುಲಭ, ಇಳಿದಾಗ ಬಿಚ್ಚಿ ಬೇರೆ ಹಾಕಬಹುದು. ಆದರೆ ಎದೆಯಿಂದ ಹೊರಬಂದ ತಂತಿಯ ಗುಂಟ ಸೋಂಕು ಒಳಗೆ ಇಳಿಯುತ್ತಿತ್ತು. ಸಾಧನವೇ ಒಳಗೆ ಹೋಗಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು. ಆಗ ಬ್ಯಾಟರಿಯ ಪ್ರಶ್ನೆ ಪೂರ್ತಿ ಬೇರೆಯಾಗುತ್ತದೆ, ಏಕೆಂದರೆ ಅದನ್ನು ಬದಲಿಸಲು ಎದೆಯನ್ನೇ ಕೊಯ್ಯಬೇಕು.

ಮೊದಲು ಒಳಗಿಟ್ಟವರು ಸ್ವೀಡನ್ನಿನವರು. 1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮಿನ ಕರೋಲಿನ್‌ಸ್ಕಾ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಕ ಓಕೆ ಸೆನ್ನಿಂಗ್ ಅವರು ಅರ್ನೆ ಲಾರ್ಸನ್ ಎಂಬ 43ರ ವಯಸ್ಸಿನ ರೋಗಿಗೆ ಪೇಸ್‌ಮೇಕರ್ ಅಳವಡಿಸಿದರು. ದಿನಕ್ಕೆ ಇಪ್ಪತ್ತು ಮೂವತ್ತು ಬಾರಿ ಪ್ರಜ್ಞೆ ತಪ್ಪಿ ಬೀಳುತ್ತಿದ್ದವರು ಲಾರ್ಸನ್. ಇನ್ನೂ ಸಾಧನ ಸಿದ್ಧವಿಲ್ಲವೆಂದರೂ ಬಿಡದೆ, ಮಾಡಿಯೇ ತೀರಬೇಕೆಂದು ಬೆನ್ನು ಬಿದ್ದವರು ಅವರ ಹೆಂಡತಿ ಎಲ್ಸ್ ಮರೀ. ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಎರಡು ಸಾಧನ ಮಾಡಿದ್ದರು. ಅಚ್ಚಿಗೆ ಬಳಸಿದ್ದು ಬೂಟ್ ಪಾಲಿಷಿನ ಡಬ್ಬಿ. ಅದರೊಳಗೆ ಸರ್ಕ್ಯೂಟು ಮತ್ತು ಬ್ಯಾಟರಿ ಇಟ್ಟು ಎಪಾಕ್ಸಿ ರಾಳ ಸುರಿದು ಗಟ್ಟಿ ಮಾಡಿದ್ದರು. ಬ್ಯಾಟರಿ ನಿಕ್ಕಲ್-ಕ್ಯಾಡ್ಮಿಯಂನದು, ರೀಚಾರ್ಜ್ ಆಗುವಂಥದ್ದು. ಎದೆಯ ಮೇಲೆ ತಂತಿಸುರುಳಿ ಇಟ್ಟರೆ ಚರ್ಮದ ಮೂಲಕವೇ ಚಾರ್ಜು ಏರುತ್ತಿತ್ತು. ಇಂದು ಫೋನನ್ನು ಪ್ಯಾಡಿನ ಮೇಲಿಟ್ಟು ಚಾರ್ಜು ಮಾಡುವ ತತ್ವ ಇದೇ. ಮೊದಲನೆಯ ಸಾಧನ ಕೆಲವೇ ಗಂಟೆಗಳಲ್ಲಿ ನಿಂತಿತು. ಎರಡನೆಯದನ್ನು ಹಾಕಿದರು, ಅದೂ ಬಹಳ ಕಾಲ ಬಾಳಲಿಲ್ಲ. ಲಾರ್ಸನ್ ಮಾತ್ರ ಬಾಳಿದರು. ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರುಗಳನ್ನು ಬದಲಿಸಿಕೊಂಡು, ತಮ್ಮ ಎಂಜಿನಿಯರು ಮತ್ತು ಶಸ್ತ್ರವೈದ್ಯ ಇಬ್ಬರೂ ತೀರಿಕೊಂಡ ಮೇಲೂ ಬದುಕಿದ್ದು, 2001ರಲ್ಲಿ 86ರ ವಯಸ್ಸಿನಲ್ಲಿ ಹೃದಯಕ್ಕೆ ಸಂಬಂಧವಿಲ್ಲದ ಕ್ಯಾನ್ಸರಿನಿಂದ ತೀರಿಕೊಂಡರು.

ರೀಚಾರ್ಜ್ ಬ್ಯಾಟರಿ ನೋಡುವುದಕ್ಕೆ ಒಳ್ಳೆಯ ಆಯ್ಕೆಯಂತೆ ಕಾಣುತ್ತದೆ. ಆದರೆ ಪ್ರತಿ ವಾರ ನೆನಪಿಟ್ಟು ಚಾರ್ಜು ಮಾಡಿಕೊಳ್ಳಬೇಕಾದವರು ವಯಸ್ಸಾದ ರೋಗಿಗಳು. ಮರೆತರೆ ಏನಾಗುತ್ತದೆಂದು ಹೇಳಬೇಕಿಲ್ಲ. ಮೇಲಾಗಿ ನಿಕ್ಕಲ್-ಕ್ಯಾಡ್ಮಿಯಂ ಸೆಲ್ಲು ಸುಮ್ಮನೆ ಇದ್ದರೂ ಚಾರ್ಜು ಸೋರಿಸಿಕೊಳ್ಳುತ್ತದೆ, 37 ಡಿಗ್ರಿಯ ಬೆಚ್ಚನೆಯ ಮೈಯಲ್ಲಿ ಇನ್ನೂ ಬೇಗ.

ಈಗ ಕತೆಯ ಮುಖ್ಯ ವ್ಯಕ್ತಿ ವಿಲ್ಸನ್ ಗ್ರೇಟ್‌ಬ್ಯಾಚ್. 1919ರಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಹುಟ್ಟಿದವರು, ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯ ರೇಡಿಯೊ ಕೆಲಸ ಮಾಡಿ, ಆಮೇಲೆ ಎಂಜಿನಿಯರಿಂಗ್ ಓದಿದವರು. ಐವತ್ತರ ದಶಕದಲ್ಲಿ ಹೃದಯದ ಸದ್ದನ್ನು ದಾಖಲಿಸುವ ಸಾಧನವೊಂದನ್ನು ಕಟ್ಟುತ್ತಿದ್ದಾಗ, ಹತ್ತು ಕಿಲೊಓಮಿನ ರೆಸಿಸ್ಟರ್ ಬದಲು ಬಣ್ಣದ ಪಟ್ಟಿ ತಪ್ಪಾಗಿ ಓದಿ ಒಂದು ಮೆಗಾಓಮಿನದನ್ನು ಕೂರಿಸಿದರು. ಸರ್ಕ್ಯೂಟು ಒಮ್ಮೆ ಮಿಡಿದು, ಒಂದು ಸೆಕೆಂಡು ಸುಮ್ಮನಿದ್ದು, ಮತ್ತೆ ಮಿಡಿಯಿತು. ಅದು ಹೃದಯದ ಲಯ ಎಂದು ಅವರಿಗೆ ಕೂಡಲೇ ಹೊಳೆಯಿತು. ಈ ಭಾಗವನ್ನು ಎಲ್ಲರೂ ಹೇಳುತ್ತಾರೆ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಆ ಮಿಡಿತದ ಇನ್ನೊಂದು ಗುಣ. ತಟ್ಟು 1.8 ಮಿಲಿಸೆಕೆಂಡಿನದು, ಉಳಿದ ಹೊತ್ತೆಲ್ಲ ಟ್ರಾನ್ಸಿಸ್ಟರ್ ಮಲಗಿರುತ್ತಿತ್ತು, ಕರೆಂಟನ್ನೇ ಎಳೆಯುತ್ತಿರಲಿಲ್ಲ ಎನ್ನಬಹುದು. ಬ್ಯಾಟರಿ ಉಳಿಸುವ ಅತಿ ಹಳೆಯ, ಅತಿ ಒಳ್ಳೆಯ ಉಪಾಯ ಇದು. ಇಂದಿನ ಮೈಕ್ರೊಕಂಟ್ರೋಲರುಗಳ 'ಸ್ಲೀಪ್ ಮೋಡ್' ಮಾಡುವುದೂ ಇದನ್ನೇ.

1958ರ ಮೇ 7ರಂದು ಬಫಲೋದ ವೆಟರನ್ಸ್ ಆಸ್ಪತ್ರೆಯ ಶಸ್ತ್ರಚಿಕಿತ್ಸಕ ವಿಲಿಯಂ ಚಾರ್ಡಾಕ್ ಜೊತೆ ಸೇರಿ ಗ್ರೇಟ್‌ಬ್ಯಾಚ್ ತಮ್ಮ ಸಾಧನವನ್ನು ನಾಯಿಯ ಹೃದಯಕ್ಕೆ ಜೋಡಿಸಿದಾಗ, ಹೃದಯ ಅದರ ತಾಳಕ್ಕೆ ಬಡಿಯಿತು. ಸುತ್ತಿದ್ದದ್ದು ಸಾಮಾನ್ಯ ಇನ್ಸುಲೇಷನ್ ಟೇಪು, ನಾಲ್ಕು ಗಂಟೆಯಲ್ಲಿ ದೇಹದ್ರವ ಒಳನುಗ್ಗಿ ಸರ್ಕ್ಯೂಟು ಸತ್ತಿತು. ಸಮುದ್ರದ ತಳಕ್ಕಿಂತ, ಬಾಹ್ಯಾಕಾಶಕ್ಕಿಂತ ಮನುಷ್ಯನ ಮೈ ಎಲೆಕ್ಟ್ರಾನಿಕ್ಸಿಗೆ ದೊಡ್ಡ ಶತ್ರು ಎಂದು ಗ್ರೇಟ್‌ಬ್ಯಾಚ್ ಮುಂದೆ ಬರೆದರು. ಬೆಚ್ಚಗಿನ ಉಪ್ಪುನೀರು, ಸದಾ ಅಲುಗಾಟ. ಅವರು ಕೆಲಸ ಬಿಟ್ಟರು. ಕೈಯಲ್ಲಿದ್ದ ಉಳಿತಾಯ ಎರಡು ಸಾವಿರ ಡಾಲರು, ಜೊತೆಗೆ ಎರಡು ವರ್ಷ ಸಂಸಾರ ನಡೆಸಲು ಬೇಕಾದಷ್ಟು ಹಣ. ಮನೆಯ ಹಿಂದಿನ ಕೊಟ್ಟಿಗೆಯೇ ಕಾರ್ಯಾಗಾರ, ಚಳಿಗೆ ಸೌದೆ ಒಲೆ. ಸಾಧನಗಳನ್ನು ಕಾಯಿಸಿ ಪರೀಕ್ಷಿಸುವ ಓವನ್ನುಗಳು ಇದ್ದದ್ದು ಮಲಗುವ ಕೋಣೆಯಲ್ಲಿ. ಹೆಂಡತಿ ಎಲೀನರ್ ಒಂದೊಂದೇ ಟ್ರಾನ್ಸಿಸ್ಟರನ್ನು ಮೀಟರಿಗೆ ಹಚ್ಚಿ, ಪೆನ್ಸಿಲಿನಿಂದ ಟಕ್ ಎಂದು ಬಡಿದು, ಮುಳ್ಳು ಅಲುಗಿದರೆ ಅದನ್ನು ಪಕ್ಕಕ್ಕೆ ಹಾಕುತ್ತಿದ್ದರು. ಹೀಗೆ ಐವತ್ತು ಪೇಸ್‌ಮೇಕರುಗಳಾದವು. ನಲವತ್ತು ಪ್ರಾಣಿಗಳಿಗೆ, ಹತ್ತು ಮನುಷ್ಯರಿಗೆ. 1960ರಲ್ಲಿ ಮೊದಲ ರೋಗಿಗಳ ಎದೆಯಲ್ಲಿ ಅವು ಕೆಲಸ ಶುರುಮಾಡಿದವು.

ಅವುಗಳೊಳಗಿದ್ದದ್ದು ಪಾದರಸ-ಸತುವಿನ ಸೆಲ್ಲುಗಳು. ಆ ಕಾಲಕ್ಕೆ ಅದಕ್ಕಿಂತ ಒಳ್ಳೆಯದು ಇರಲಿಲ್ಲ. ಸ್ಯಾಮ್ಯುಯೆಲ್ ರೂಬೆನ್ ಎಂಬ ಸಂಶೋಧಕ ಮಹಾಯುದ್ಧದ ವೇಳೆ ಇದನ್ನು ರೂಪಿಸಿದ್ದು ಸೈನಿಕರ ವೈರ್‌ಲೆಸ್ಸಿಗಾಗಿ. ಉಷ್ಣ ದೇಶಗಳ ಸೆಕೆಗೆ ಮಾಮೂಲಿ ಸತು-ಇಂಗಾಲದ ಸೆಲ್ಲುಗಳು ಉಗ್ರಾಣದಲ್ಲೇ ಹಾಳಾಗುತ್ತಿದ್ದವು. ರೂಬೆನ್ನರ ಸೆಲ್ಲು ಸೆಕೆ ತಡೆಯುತ್ತಿತ್ತು. ಇನ್ನೊಂದು ಗುಣವೆಂದರೆ ಅದರ ವೋಲ್ಟೇಜು. ಟಾರ್ಚಿನ ಸೆಲ್ಲು ಬಳಸುತ್ತ ಹೋದಂತೆ ಒಂದೂವರೆ ವೋಲ್ಟಿನಿಂದ ಇಳಿಯುತ್ತಲೇ ಇರುತ್ತದೆ, ಬೆಳಕು ಮಂಕಾಗುತ್ತದೆ. ಪಾದರಸದ ಸೆಲ್ಲು 1.35 ವೋಲ್ಟಿನಲ್ಲಿ ನಿಂತರೆ ಕೊನೆಯವರೆಗೂ ಅಲ್ಲೇ. ಲಯ ಕೆಡಬಾರದ ಸಾಧನಕ್ಕೆ ಇದಕ್ಕಿಂತ ಬೇರೇನು ಬೇಕು?

ಆದರೆ ಆ ಗುಣವೇ ಮುಳುವಾಯಿತು. ಕೊನೆಯ ದಿನದವರೆಗೂ ವೋಲ್ಟೇಜು ನೆಟ್ಟಗೆ ನಿಂತ ಸೆಲ್ಲು ಒಮ್ಮೆಲೇ ಕುಸಿಯುತ್ತದೆ, ಮುನ್ಸೂಚನೆ ಕೊಡುವುದಿಲ್ಲ. ಸಾಲಾಗಿ ಜೋಡಿಸಿದ ಹಲವು ಸೆಲ್ಲುಗಳಲ್ಲಿ ಯಾವುದೋ ಒಂದು ಕೈಕೊಟ್ಟರೂ ಸಾಕು. ಇನ್ನೊಂದು ತೊಂದರೆ ಅದಕ್ಕಿಂತ ಆಳದ್ದು. ಕ್ಷಾರದಲ್ಲಿ ಮುಳುಗಿದ ಸತು ನಿಧಾನವಾಗಿ ಸವೆಯುತ್ತ ಜಲಜನಕ ಅನಿಲ ಬಿಡುತ್ತದೆ. ಅನಿಲಕ್ಕೆ ಹೊರಗೆ ಹೋಗಲು ದಾರಿ ಬೇಕು, ಇಲ್ಲದಿದ್ದರೆ ಡಬ್ಬಿ ಉಬ್ಬಿ ಒಡೆಯುತ್ತದೆ. ಆದ್ದರಿಂದ ಪೇಸ್‌ಮೇಕರನ್ನು ಲೋಹದ ಡಬ್ಬಿಯಲ್ಲಿ ಬೆಸುಗೆ ಹಾಕಿ ಮುಚ್ಚುವಂತಿರಲಿಲ್ಲ. ಎಪಾಕ್ಸಿ ರಾಳದಲ್ಲಿ ಎರಕ ಹೊಯ್ಯಬೇಕು, ಅದರ ಮೂಲಕ ಅನಿಲ ಸೋಸಿಕೊಂಡು ಹೊರಗೆ ಹೋಗುತ್ತದೆ. ಅನಿಲ ಹೊರಹೋಗುವ ದಾರಿಯಲ್ಲೇ ದೇಹದ ತೇವ ಒಳಗೆ ಬರುತ್ತದೆ. ಟ್ರಾನ್ಸಿಸ್ಟರುಗಳು ಕೆಟ್ಟದ್ದು, ತಂತಿಗಳು ಸವೆದದ್ದು ಎಲ್ಲದರ ಹಿಂದೆ ಈ ಒಂದು ಆಯ್ಕೆ ಇತ್ತು. ಒಂದು ಸೆಲ್ಲಿನ ರಸಾಯನ ಇಡೀ ಸಾಧನದ ಹೊರಕವಚವನ್ನು ತೀರ್ಮಾನಿಸಿಬಿಟ್ಟಿತು. ಬ್ಯಾಟರಿಯನ್ನು ಕೊನೆಗೆ ಯೋಚಿಸೋಣ ಅನ್ನುವವರು ಇದನ್ನು ಗಮನಿಸಬೇಕು.

ಅರವತ್ತರ ದಶಕವಿಡೀ ಒಬ್ಬ ರೋಗಿ ಸುಮಾರು ಎರಡು ವರ್ಷಕ್ಕೊಮ್ಮೆ ಮತ್ತೆ ಶಸ್ತ್ರಚಿಕಿತ್ಸೆಗೆ ಒಡ್ಡಿಕೊಳ್ಳಬೇಕಿತ್ತು. ಸರ್ಕ್ಯೂಟು ಎಷ್ಟು ಸುಧಾರಿಸಿದರೂ ಆಯಸ್ಸು ಏರುತ್ತಿರಲಿಲ್ಲ. ಕೊರತೆ ಇರುವುದು ಬ್ಯಾಟರಿಯಲ್ಲೇ ಎಂದು ಖಚಿತವಾದ ಮೇಲೆ ಗ್ರೇಟ್‌ಬ್ಯಾಚ್ ಮಾಡಿದ ಕೆಲಸಕ್ಕೆ ಧೈರ್ಯ ಬೇಕು. ತಮಗೆ ಹೆಸರು ತಂದ ಪೇಸ್‌ಮೇಕರಿನ ಪೇಟೆಂಟನ್ನು ಅಷ್ಟರಲ್ಲಿ ಬಾಕನ್‌ರ ಮೆಡ್‌ಟ್ರಾನಿಕ್ ಕಂಪನಿಗೆ ಲೈಸೆನ್ಸ್ ಕೊಟ್ಟಿದ್ದ ಅವರು, 1970ರಲ್ಲಿ ಬ್ಯಾಟರಿಗಾಗಿಯೇ ಒಂದು ಕಂಪನಿ ಕಟ್ಟಿದರು. ವಯಸ್ಸು ಐವತ್ತು ದಾಟಿತ್ತು. ರಸಾಯನಶಾಸ್ತ್ರ ಅವರ ಓದಿನ ವಿಷಯವಲ್ಲ.

ಮುಂದಿದ್ದ ದಾರಿಗಳನ್ನು ಒಂದೊಂದಾಗಿ ಬೇರೆಯವರೂ ಅವರೂ ನೋಡಿದರು. ದೇಹದೊಳಗಿನ ದ್ರವದಿಂದಲೇ ವಿದ್ಯುತ್ ಪಡೆಯುವ ಪ್ರಯತ್ನ ನಡೆದು ಕೈಬಿಟ್ಟುಹೋಯಿತು. ಎಲ್ಲಕ್ಕಿಂತ ಬೆರಗಿನದು ಪ್ಲುಟೋನಿಯಂ. ಪ್ಲುಟೋನಿಯಂ-238ರ ಚೂರೊಂದು ತಾನಾಗಿ ಬಿಸಿಯಾಗಿರುತ್ತದೆ, ಆ ಶಾಖದಿಂದ ವಿದ್ಯುತ್ ಮಾಡಬಹುದು. ಅದರ ಅರ್ಧಾಯುಷ್ಯ 87.7 ವರ್ಷ, ಅಂದರೆ ರೋಗಿಗಿಂತ ಬ್ಯಾಟರಿಗೇ ಆಯಸ್ಸು ಹೆಚ್ಚು. 1970ರಲ್ಲಿ ಪ್ಯಾರಿಸ್ಸಿನಲ್ಲಿ ಇಂಥದ್ದನ್ನು ಮೊದಲು ಮನುಷ್ಯರಿಗೆ ಅಳವಡಿಸಿದರು. ಕೆಲವರಲ್ಲಿ ಅದು ದಶಕಗಟ್ಟಲೆ ಸರಾಗವಾಗಿ ನಡೆಯಿತು ಕೂಡ. ಆದರೆ ಅಪಘಾತದಲ್ಲಿ, ಬೆಂಕಿಯಲ್ಲಿ, ಚಿತೆಯಲ್ಲಿ ಕೂಡ ಒಡೆಯದ ಕವಚ ಬೇಕು. ರೋಗಿ ಎಲ್ಲಿಗೆ ಹೋದರೂ ಲೆಕ್ಕ ಇಡಬೇಕು. ಸತ್ತ ಮೇಲೆ ಚೂರನ್ನು ವಾಪಸು ಪಡೆಯಬೇಕು. ಆಯಸ್ಸೊಂದನ್ನೇ ನೋಡಿ ಬ್ಯಾಟರಿ ಆರಿಸಿದರೆ ಉಳಿದ ಹೊರೆ ಎಷ್ಟಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಉತ್ತರ ಇದ್ದದ್ದು ಬಾಲ್ಟಿಮೋರಿನಲ್ಲಿ. ಅಲ್ಲಿನ ಕೆಟಲಿಸ್ಟ್ ರಿಸರ್ಚ್ ಕಾರ್ಪೊರೇಷನ್ನಿನಲ್ಲಿ ಜೇಮ್ಸ್ ಮೋಸರ್, ಅಲನ್ ಷ್ನೈಡರ್ ಎಂಬ ಸಂಶೋಧಕರು ಅರವತ್ತರ ದಶಕದ ಕೊನೆಯ ಹೊತ್ತಿಗೆ ಲಿಥಿಯಂ ಮತ್ತು ಅಯೋಡಿನ್ ಸೇರಿಸಿ ಒಂದು ಸೆಲ್ಲು ಮಾಡಿದ್ದರು. ಲಿಥಿಯಂ ಅತಿ ಹಗುರವಾದ ಲೋಹ. ಒಂದು ಗ್ರಾಂ ಸತು ಸುಮಾರು 820 ಮಿಲಿಆಂಪಿಯರ್-ಗಂಟೆ ಕೊಡಬಲ್ಲದಾದರೆ ಒಂದು ಗ್ರಾಂ ಲಿಥಿಯಂ 3,860 ಕೊಡಬಲ್ಲದು. ಅಯೋಡಿನ್ ನಮಗೆ ಗಾಯಕ್ಕೆ ಹಚ್ಚುವ ಟಿಂಕ್ಚರಿನಿಂದ ಪರಿಚಿತ. ಶುದ್ಧ ಅಯೋಡಿನ್ ವಿದ್ಯುತ್ತನ್ನು ಹೆಚ್ಚುಕಡಿಮೆ ಹಾಯಿಸುವುದೇ ಇಲ್ಲ. ಪಾಲಿವಿನೈಲ್‌ಪಿರಿಡೀನ್ ಎಂಬ ಪ್ಲಾಸ್ಟಿಕ್ ಜಾತಿಯ ವಸ್ತುವಿನೊಂದಿಗೆ ಕಾಯಿಸಿ ಬೆರೆಸಿದಾಗ ಮಾತ್ರ ಅದು ವಾಹಕವಾಗುತ್ತದೆ.

ಈ ಸೆಲ್ಲಿನ ಒಳಗನ್ನು ಹತ್ತಿರದಿಂದ ನೋಡಬೇಕು, ಅದರ ಸೊಗಸು ಇರುವುದು ಅಲ್ಲೇ. ನಡುವೆ ಲಿಥಿಯಂ ಹಾಳೆ. ಚಾಕುವಿನಿಂದ ಕೊಯ್ಯಬಹುದಾದಷ್ಟು ಮೆದು, ಕೊಯ್ದ ಕ್ಷಣ ಬೆಳ್ಳಗೆ ಹೊಳೆದು ತೇವದ ಗಾಳಿಗೆ ಕೂಡಲೇ ಕಪ್ಪಿಡುವ ಲೋಹ. ಅದಕ್ಕಾಗಿ ಸೆಲ್ಲು ತಯಾರಿಸುವ ಕೋಣೆಯ ಗಾಳಿಯಿಂದ ತೇವವನ್ನೆಲ್ಲ ಹೀರಿ ತೆಗೆದಿರುತ್ತಾರೆ. ಕಾಯಿಸಿದ ಅಯೋಡಿನ್ ಮಿಶ್ರಣ, ಗಾಢ ಕಪ್ಪಿನ ಮಂದ ದ್ರವ, ಲಿಥಿಯಂ ಸುತ್ತ ಸುರಿಯಲಾಗುತ್ತದೆ. ಎರಡರ ನಡುವೆ ಬೇರೆ ಸೆಲ್ಲುಗಳಲ್ಲಿ ಇರುವಂತೆ ಕಾಗದವಿಲ್ಲ, ಬಟ್ಟೆಯಿಲ್ಲ, ದ್ರವದ ಎಲೆಕ್ಟ್ರೊಲೈಟೂ ಇಲ್ಲ. ಲಿಥಿಯಂ ಮತ್ತು ಅಯೋಡಿನ್ ಮುಟ್ಟಿದ ಕೂಡಲೇ ಅಲ್ಲಿ ಲಿಥಿಯಂ ಅಯೋಡೈಡಿನ ತೆಳು ಪದರ ಹುಟ್ಟುತ್ತದೆ. ಆ ಪದರವೇ ಎರಡನ್ನೂ ಬೇರ್ಪಡಿಸುವ ಗೋಡೆ, ಆ ಪದರವೇ ಲಿಥಿಯಂ ಅಯಾನುಗಳು ಹಾಯುವ ಎಲೆಕ್ಟ್ರೊಲೈಟ್. ಎಲ್ಲಾದರೂ ಬಿರುಕು ಬಿಟ್ಟಿತೆಂದುಕೊಳ್ಳಿ. ಬಿರುಕಿನಲ್ಲಿ ಅಯೋಡಿನ್ ಲಿಥಿಯಂ ಮುಟ್ಟುತ್ತದೆ, ಮತ್ತೆ ಅಯೋಡೈಡ್ ಹುಟ್ಟುತ್ತದೆ, ಬಿರುಕು ಮುಚ್ಚುತ್ತದೆ. ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುವ ಸೆಲ್ಲು ಇದು. ಅನಿಲ ಒಂದು ಗುಳ್ಳೆಯಷ್ಟೂ ಹುಟ್ಟುವುದಿಲ್ಲ.

ಇಷ್ಟು ಗುಣವಿದ್ದೂ ಬೇರೆ ಯಾವ ಕೆಲಸಕ್ಕೂ ಇದು ಒದಗುವಂತಿರಲಿಲ್ಲ. ಆ ಪದರದ ಮೂಲಕ ಅಯಾನುಗಳು ಬಹಳ ನಿಧಾನವಾಗಿ ಸಾಗುತ್ತವೆ. ಸೆಲ್ಲಿನ ಆಂತರಿಕ ರೋಧ ಮೊದಲೇ ಹೆಚ್ಚು, ಬಳಸುತ್ತ ಪದರ ದಪ್ಪವಾದಂತೆ ಇನ್ನೂ ಏರುತ್ತ ಹತ್ತಾರು ಸಾವಿರ ಓಮಿಗೆ ಮುಟ್ಟುತ್ತದೆ. ಹೂಜಿಯ ತುಂಬ ನೀರಿದ್ದರೂ ಕತ್ತು ಸೂಜಿಯಷ್ಟು ಕಿರಿದಾದರೆ ಹೇಗೋ ಹಾಗೆ. ಟಾರ್ಚು ಬೆಳಗದು, ಮೋಟಾರು ಅಲುಗದು. ಸೆಲ್ಲುಗಳ ತಜ್ಞರ ಕಣ್ಣಿಗೆ ಇದು ದುರ್ಬಲ ಸೆಲ್ಲು.

ಪೇಸ್‌ಮೇಕರ್ ಬಲ್ಲ ಗ್ರೇಟ್‌ಬ್ಯಾಚ್ ಕಣ್ಣಿಗೆ ಹಾಗೆ ಕಾಣಲಿಲ್ಲ. ಅವರ ಸಾಧನ ಕೇಳುತ್ತಿದ್ದದ್ದು ಸರಾಸರಿ ಕೆಲವು ಹತ್ತು ಮೈಕ್ರೊಆಂಪಿಯರು. ನಾವೇ ಲೆಕ್ಕ ಹಾಕಿ ನೋಡಬಹುದು. ಹತ್ತು ಸಾವಿರ ಓಮಿನ ರೋಧದಲ್ಲಿ 20 ಮೈಕ್ರೊಆಂಪಿಯರ್ ಹರಿದರೆ ನಷ್ಟವಾಗುವುದು 0.2 ವೋಲ್ಟು. ಸೆಲ್ಲಿನದು 2.8 ವೋಲ್ಟು, ನಷ್ಟ ಲೆಕ್ಕಕ್ಕೇ ಬಾರದು. ಇನ್ನು ಆಯಸ್ಸು. ಎರಡು ಆಂಪಿಯರ್-ಗಂಟೆಯ ಸೆಲ್ಲಿನಿಂದ 20 ಮೈಕ್ರೊಆಂಪಿಯರ್ ಎಳೆದರೆ ಒಂದು ಲಕ್ಷ ಗಂಟೆ, ಅಂದರೆ ಹನ್ನೊಂದು ವರ್ಷಕ್ಕೂ ಹೆಚ್ಚು. ತಟ್ಟು ಕೊಡುವ ಆ ಒಂದು ಗಳಿಗೆಗೆ ಮಿಲಿಆಂಪಿಯರುಗಳು ಬೇಕಲ್ಲ ಎಂದರೆ, ಅದನ್ನು ಕೊಡುವುದು ಕೆಪಾಸಿಟರು. ಮಿಡಿತದಿಂದ ಮಿಡಿತಕ್ಕೆ ಸಿಗುವ ಬಿಡುವಿನಲ್ಲಿ ಸೆಲ್ಲು ಅದನ್ನು ನಿಧಾನವಾಗಿ ತುಂಬಿಸುತ್ತದೆ. ಬಟನ್ ಸೆಲ್ಲಿನಲ್ಲಿ ನಡೆಯುವ ವೈರ್‌ಲೆಸ್ ಸೆನ್ಸರ್ ಕಟ್ಟುವವರಿಗೆ ಈ ಉಪಾಯ ಇಂದಿಗೂ ಕೆಲಸಕ್ಕೆ ಬರುತ್ತದೆ. ಸಿಆರ್2032 ಸೆಲ್ಲಿನ ಸಾಮರ್ಥ್ಯ ಸುಮಾರು 220 ಮಿಲಿಆಂಪಿಯರ್-ಗಂಟೆ, ಆದರೆ ರೇಡಿಯೊ ಆನ್ ಆದ ಕ್ಷಣ ಅದರ ವೋಲ್ಟೇಜು ಕುಸಿದು ಸರ್ಕ್ಯೂಟು ರೀಸೆಟ್ ಆಗುತ್ತದೆ. ಪಕ್ಕದಲ್ಲಿ ತಕ್ಕ ಕೆಪಾಸಿಟರ್ ಇಟ್ಟರೆ ಹಾಗಾಗದು.

ಈ ಸೆಲ್ಲು ಸಾಯುವ ರೀತಿಯನ್ನು ನಾನು ಅದರ ಅತಿ ದೊಡ್ಡ ಗುಣವೆಂದು ಎಣಿಸುತ್ತೇನೆ. ಪದರ ದಪ್ಪವಾಗುತ್ತ ಹೋದಂತೆ ರೋಧ ಏರುತ್ತದೆ, ವೋಲ್ಟೇಜು ತಿಂಗಳುಗಟ್ಟಲೆ ಮೆಲ್ಲಗೆ ಇಳಿಯುತ್ತದೆ. ಸರ್ಕ್ಯೂಟು ಅದನ್ನು ಅಳೆದು ತನ್ನ ಲಯವನ್ನು ಸ್ವಲ್ಪ ಬದಲಿಸುವಂತೆ ಮಾಡಬಹುದು. ತಪಾಸಣೆಗೆ ಬಂದ ರೋಗಿಯ ಎದೆಯ ಮೇಲೆ ವೈದ್ಯರು ಒಂದು ಅಯಸ್ಕಾಂತ ಇಟ್ಟರೆ, ಪೇಸ್‌ಮೇಕರ್ ನಿಗದಿತ ಲಯಕ್ಕೆ ಬರುತ್ತದೆ, ಆ ಲಯ ಎಷ್ಟಿದೆ ಎಂಬುದರಿಂದ ಬ್ಯಾಟರಿಯ ಸ್ಥಿತಿ ತಿಳಿಯುತ್ತದೆ. ಬದಲಿಸುವ ದಿನವನ್ನು ತಿಂಗಳುಗಳ ಮುಂಚೆಯೇ ಗೊತ್ತುಮಾಡಬಹುದು. ನೆಟ್ಟಗೆ ನಿಂತು ಒಮ್ಮೆಲೇ ಬೀಳುವ ಪಾದರಸದ ಸೆಲ್ಲು ಕೊಡಲಾರದ ನೆಮ್ಮದಿ ಇದು. ನಮ್ಮ ಸುತ್ತ ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿಯರು ವರ್ಷಕ್ಕೊಮ್ಮೆಯೋ ಎರಡು ಸಲವೋ 'ಬ್ಯಾಟರಿ ಚೆಕ್' ಮಾಡಿಸಿಕೊಂಡು ಬಂದು ಇನ್ನಿಷ್ಟು ವರ್ಷ ಇದೆಯಂತೆ ಎಂದು ಹೇಳಲು ಸಾಧ್ಯವಾಗಿರುವುದು, ತನ್ನ ಅಂತ್ಯವನ್ನು ಮುಂಚಿತವಾಗಿ ತಿಳಿಸುವ ಸೆಲ್ಲಿನಿಂದ.

ಬಾಲ್ಟಿಮೋರಿನ ಸೆಲ್ಲನ್ನು ಇದ್ದ ಹಾಗೆ ಎದೆಯಲ್ಲಿ ಇಡುವಂತಿರಲಿಲ್ಲ. ಅಯೋಡಿನ್ ಆವಿ ಲೋಹಗಳನ್ನು ತಿನ್ನುತ್ತದೆ, ಸೋರಿದರೆ ಸರ್ಕ್ಯೂಟಿನ ಗತಿ ಮುಗಿದಂತೆ. ಗ್ರೇಟ್‌ಬ್ಯಾಚ್ ಮತ್ತು ಜೊತೆಗಾರರು ಒಳರಚನೆಯನ್ನು ಬದಲಿಸಿ, ಸ್ಟೇನ್‌ಲೆಸ್ ಸ್ಟೀಲಿನ ಡಬ್ಬಿಗೆ ಸುತ್ತ ಬೆಸುಗೆ ಹಾಕಿ, ತಂತಿ ಹೊರಬರುವಲ್ಲಿ ಗಾಜನ್ನು ಲೋಹಕ್ಕೆ ಕರಗಿಸಿ ಕೂಡಿಸಿ ಗಾಳಿಯಾಡದಂತೆ ಮಾಡಿದರು. ಅನಿಲವಿಲ್ಲದ ಸೆಲ್ಲಾದ್ದರಿಂದ ಇದು ಸಾಧ್ಯವಾಯಿತು. ಸೆಲ್ಲನ್ನು ಮುಚ್ಚಬಹುದಾದ ಮೇಲೆ ಇಡೀ ಪೇಸ್‌ಮೇಕರನ್ನೇ ಟೈಟೇನಿಯಂ ಡಬ್ಬಿಯಲ್ಲಿ ಬೆಸೆದು ಮುಚ್ಚಬಹುದಾಯಿತು, ದೇಹದ ತೇವ ಶಾಶ್ವತವಾಗಿ ಹೊರಗುಳಿಯಿತು. ಲಿಥಿಯಂ-ಅಯೋಡಿನ್ ಸೆಲ್ಲಿನ ಪೇಸ್‌ಮೇಕರನ್ನು 1972ರಲ್ಲಿ ಇಟಲಿಯಲ್ಲಿ ಮೊದಲು ಮನುಷ್ಯರಿಗೆ ಅಳವಡಿಸಿದರು. ಆ ದಶಕ ಮುಗಿಯುವುದರೊಳಗೆ ಪಾದರಸದ ಸೆಲ್ಲು ಈ ಕ್ಷೇತ್ರದಿಂದ ಹೊರಟುಹೋಯಿತು, ಪ್ಲುಟೋನಿಯಮ್ಮಿನ ಮೋಹವೂ ಇಳಿಯಿತು. ಇಷ್ಟಾದರೂ ಒಂದು ಎಚ್ಚರ ಉಳಿದಿದೆ. ಮುಚ್ಚಿದ ಲಿಥಿಯಂ ಸೆಲ್ಲು ಬೆಂಕಿಯಲ್ಲಿ ಸಿಡಿಯುತ್ತದೆ. ಪೇಸ್‌ಮೇಕರ್ ಇದ್ದವರು ತೀರಿಕೊಂಡಾಗ, ದಹನಕ್ಕೆ ಮುನ್ನ ಅದನ್ನು ವೈದ್ಯರಿಂದ ತೆಗೆಸಲೇಬೇಕು. ಹೂಳುವ ಪದ್ಧತಿಗಿಂತ ಸುಡುವ ಪದ್ಧತಿ ಹೆಚ್ಚಿರುವ ನಮ್ಮ ಕಡೆ ಮನೆಯವರು ಇದನ್ನು ತಿಳಿದಿರುವುದು ಒಳ್ಳೆಯದು.

ಆಮೇಲೆ ಬಂದದ್ದು ಡಿಫಿಬ್ರಿಲೇಟರ್. 1980ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ, ಮೈಕೆಲ್ ಮಿರೋವ್ಸ್ಕಿ ಅವರ ಬಹುವರ್ಷದ ಪಟ್ಟಿನ ಫಲವಾಗಿ, ಮೊದಲ ಬಾರಿ ಎದೆಯೊಳಗೆ ಅಳವಡಿಸಿದ ಈ ಸಾಧನದ ಕೆಲಸ ಬೇರೆ. ವರ್ಷಗಟ್ಟಲೆ ಸುಮ್ಮನೆ ಕಾವಲು ಕೂತು, ಹೃದಯ ಲಯ ತಪ್ಪಿ ಕಂಪಿಸತೊಡಗಿದ ಕೂಡಲೇ ಸುಮಾರು 30 ಜೂಲಿನ ಒಂದು ಹೊಡೆತ ಕೊಡಬೇಕು. ಹತ್ತು ಸೆಕೆಂಡಿನೊಳಗೆ ಅಷ್ಟು ಶಕ್ತಿ ಕೂಡಿಸಲು ಸೆಲ್ಲಿನಿಂದ ಆಂಪಿಯರುಗಟ್ಟಲೆ ಎಳೆಯಬೇಕು, ಪೇಸ್‌ಮೇಕರಿಗೆ ಬೇಕಾದದ್ದರ ಐವತ್ತು ಸಾವಿರ ಪಟ್ಟಿಗೂ ಮಿಗಿಲು. ಲಿಥಿಯಂ-ಅಯೋಡಿನ್ನಿನ ಕಿರಿದಾದ ದಾರಿಯಲ್ಲಿ ಅದು ಸಾಗದು. ಅತ್ಯುತ್ತಮವೆಂದು ಸಾಬೀತಾದ ಸೆಲ್ಲನ್ನು ಪಕ್ಕಕ್ಕಿಟ್ಟು ಮತ್ತೆ ಮೊದಲಿನಿಂದ ಹುಡುಕಬೇಕಾಯಿತು. ಗ್ರೇಟ್‌ಬ್ಯಾಚ್ ಕಂಪನಿಯನ್ನು 1984ರಲ್ಲಿ ಸೇರಿದ ರಸಾಯನವಿಜ್ಞಾನಿ ಎಸ್ತರ್ ಟಾಕೆಯೂಚಿ, ಲಿಥಿಯಮ್ಮಿಗೆ ಎದುರಾಗಿ ಬೆಳ್ಳಿ ಮತ್ತು ವನೇಡಿಯಂ ಕೂಡಿದ ಆಕ್ಸೈಡನ್ನು ಇಟ್ಟ ಸೆಲ್ಲನ್ನು ಪಳಗಿಸಿದರು. ಅದು ಆಂಪಿಯರುಗಳನ್ನೂ ಕೊಡುತ್ತದೆ, ವೋಲ್ಟೇಜು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದರಿಂದ ಎಷ್ಟು ಉಳಿದಿದೆ ಎಂದೂ ಹೇಳುತ್ತದೆ. 2009ರಲ್ಲಿ ಅಮೆರಿಕದ ಅಧ್ಯಕ್ಷರಿಂದ ರಾಷ್ಟ್ರೀಯ ತಂತ್ರಜ್ಞಾನ ಪದಕ ಪಡೆದ ಆಕೆಯ ಹೆಸರಿನಲ್ಲಿ ನೂರಕ್ಕೂ ಹೆಚ್ಚು ಪೇಟೆಂಟುಗಳಿವೆ.

ಪೇಸ್‌ಮೇಕರ್ ಕೂಡ ಅಲ್ಲೇ ನಿಲ್ಲಲಿಲ್ಲ. ಈಗಿನವು ರೋಗಿಯ ನಡಿಗೆಗೆ ತಕ್ಕಂತೆ ಲಯ ಏರಿಸುತ್ತವೆ, ರೇಡಿಯೊ ಮೂಲಕ ವೈದ್ಯರಿಗೆ ವರದಿ ಕಳಿಸುತ್ತವೆ. ವರದಿ ಕಳಿಸುವಾಗ ಮಿಲಿಆಂಪಿಯರುಗಳು ಬೇಕು, ಅಯೋಡಿನ್ ಸೆಲ್ಲಿಗೆ ಅದು ಹೊರೆ. ಹಾಗಾಗಿ ಇಂಗಾಲ ಮತ್ತು ಫ್ಲೋರಿನ್ ಕೂಡಿದ ವಸ್ತುವನ್ನು ಲಿಥಿಯಮ್ಮಿಗೆ ಜೊತೆ ಮಾಡಿದ ಸೆಲ್ಲುಗಳು ಬಂದಿವೆ. ಕೆಲವು ಸಾಧನಗಳಲ್ಲಿ ಅದನ್ನೂ ಬೆಳ್ಳಿ-ವನೇಡಿಯಂ ಆಕ್ಸೈಡನ್ನೂ ಒಂದೇ ಸೆಲ್ಲಿನೊಳಗೆ ಬೆರೆಸುತ್ತಾರೆ, ಮೊದಲನೆಯದು ದೀರ್ಘ ಬಾಳಿಕೆಗೆ, ಎರಡನೆಯದು ರೇಡಿಯೊ ಮಾತಾಡುವ ಆ ಕೆಲವು ಕ್ಷಣಗಳಿಗೆ.